ಗುಳಿಗೆ ನನ್ನದು, ರೋಗ ಯಾರದು?

ಸಂಘದ ಅಕ್ಕತಂಗಿಯರೇ,

ಹನ್ನೊಂದು ವರ್ಷದಿಂದ ನಾನು ದಿನಾ ರಾತ್ರಿ ಒಂದು ಸಣ್ಣ ಗುಳಿಗೆ ನುಂಗುತ್ತೇನೆ. ಹೆದರಿಕೆಯ ಗುಳಿಗೆ. ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ. ನಾಚಬೇಕಾದವರು ಬೇರೆ ಇದ್ದಾರೆ.

ನನ್ನ ತವರು ಬಸವಕಲ್ಯಾಣದ ಕಡೆ, ಕೊಟ್ಟದ್ದು ಹುಮನಾಬಾದಿಗೆ. ಮಾತಾಡಿದ ಬಂಗಾರದಲ್ಲಿ ಎರಡು ತೊಲೆ ಬಾಕಿ ಉಳಿದಿತ್ತು. ಆ ಎರಡು ತೊಲೆಯನ್ನು ನನ್ನ ಬೆನ್ನಿನ ಮೇಲೆ ಎಷ್ಟು ಸಲ ತೂಗಿದರೋ ಲೆಕ್ಕವಿಟ್ಟಿಲ್ಲ. ಬರಬರುತ್ತ ಎದೆ ಡವಗುಟ್ಟುವುದು, ಕೈ ನಡುಗುವುದು ಶುರುವಾಯಿತು. ಬಾಗಿಲ ಚಿಲಕ ಸದ್ದಾದರೆ ಮೈಯೆಲ್ಲ ಬೆವರು. ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಗಂಡ ಪಕ್ಕದಲ್ಲೇ ನಿಂತಿದ್ದ. ಏನಾಗುತ್ತದೆ ಎಂದು ಡಾಕ್ಟರು ಕೇಳಿದರು. ಯಾಕಾಗುತ್ತದೆ ಎಂದು ಕೇಳಲಿಲ್ಲ. ಆಲ್ಪ್ರಜೋಲಾಂ, 0.5 ಮಿಲಿಗ್ರಾಂ ಎಂದು ಚೀಟಿ ಬರೆದರು. ಹೊಡೆತ ಅವನದು, ಗುಳಿಗೆ ನನಗೆ!

ಇಂಥ ಗುಳಿಗೆಯನ್ನು ಸಾಮಾನ್ಯವಾಗಿ ಕೆಲವೇ ವಾರಗಳ ಮಟ್ಟಿಗೆ ಕೊಡಬೇಕು, ವರ್ಷಗಟ್ಟಲೆ ತೆಗೆದುಕೊಂಡರೆ ಮೈ ಅದಕ್ಕೆ ಒಗ್ಗಿಹೋಗುತ್ತದೆ ಎಂದು ನನಗೆ ಯಾರೂ ಹೇಳಲಿಲ್ಲ. ಹಳೆಯ ಚೀಟಿಯೇ ಅಂಗಡಿಯಿಂದ ಅಂಗಡಿಗೆ ನಡೆಯಿತು. ಸೊಸೆ ಅಳದೆ ರೊಟ್ಟಿ ಬಡಿಯುತ್ತಿದ್ದರೆ ಸಾಕು, ಮನೆಯವರಿಗೆ ಇನ್ನೇನು ಬೇಕು?

ಹೋದ ವರ್ಷ ತೊಗರಿ ರಾಶಿಯ ಹೊತ್ತಿಗೆ ಅಂಗಡಿಯಲ್ಲಿ ಬೇರೆ ಬಣ್ಣದ ಪಟ್ಟಿ ಕೊಟ್ಟರು. ಕೇಳಿದೆ. "ಅದೇ ಗುಳಗಿ ಅಕ್ಕಾ, ಕಂಪನಿ ಅಷ್ಟೇ ಬ್ಯಾರೆ" ಎಂದ. ನಂಬಿದೆ. ಎರಡು ದಿನದಲ್ಲೇ ನಿದ್ದೆ ಹಾರಿತು. ಕೈ ನಡುಕಕ್ಕೆ ಚಹಾದ ಕಪ್ಪು ಬಿತ್ತು. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಅತ್ತೆ ಓಣಿಗೆಲ್ಲ ಕೇಳುವಂತೆ, "ಹುಂಡಾನೂ ಪೂರಾ ಬರಲಿಲ್ಲ, ಹುಚ್ಚೀನ ಕಟ್ಟಿಕೊಂಡೀವಿ" ಎಂದಳು. ಗಂಡ ನನ್ನ ಹಳೆಯ ಚೀಟಿಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿಕೊಂಡ. "ವಕೀಲರಿಗೆ ತೋರಸ್ತೀನಿ, ಸೋಡಚೀಟಿ ತಗೋತೀನಿ" ಎಂದ. ಹೊಡೆದು ಗುಳಿಗೆ ಹಿಡಿಸಿದವರೇ ಈಗ ಆ ಗುಳಿಗೆಯನ್ನು ಸಾಕ್ಷಿ ಮಾಡಲು ಹೊರಟಿದ್ದರು.

ನಾನು ಬಸ್ಸು ಹತ್ತಿ ತವರಿಗೆ ಬಂದೆ. ಅಂದು ಅವ್ವನ ಸಂಘದ ವಾರದ ಸಭೆ. ಲೆಕ್ಕ ಬರೆಯುವ ಹುಡುಗಿ ನನ್ನ ನಡುಕ ನೋಡಿ ಪಟ್ಟಿಯನ್ನು ಕೈಗೆ ತೆಗೆದುಕೊಂಡಳು. ನನ್ನ ಪರ್ಸಿನಲ್ಲಿದ್ದ ಹಳೆಯ ಖಾಲಿ ಪಟ್ಟಿಯನ್ನೂ ಪಕ್ಕದಲ್ಲಿಟ್ಟು ಓದಿದಳು. "ಅಕ್ಕಾ, ಹಳೇದರಾಗ 0.5 ಅದ. ಇದರಾಗ 0.25 ಅದ. ನಿನಗ ಅರ್ಧಾನೇ ಕೊಟ್ಟಾರ." ಪಾಸ್‌ಬುಕ್ಕಿನ ಸೊನ್ನೆ ಎಣಿಸಿ ಪಳಗಿದ ಕಣ್ಣು ನನ್ನನ್ನು ಉಳಿಸಿತು. ನನಗೆ ಹುಚ್ಚು ಹಿಡಿದಿರಲಿಲ್ಲ. ಒಗ್ಗಿದ ಮೈಗೆ ಔಷಧಿ ಏಕಾಏಕಿ ಅರ್ಧಕ್ಕಿಳಿದಿತ್ತು. ಇಂಥ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಕೂಡ ಬರಬಹುದು ಎಂದು ಆಮೇಲೆ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರು ಹೇಳಿದರು. ಅವರು ಮೊದಲು ಹಳೆಯ ಪ್ರಮಾಣಕ್ಕೇ ತಂದು, ಈಗ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸುತ್ತಿದ್ದಾರೆ.

ಒಂದು ಮಾತು ಸ್ಪಷ್ಟವಾಗಲಿ. ಜನರಿಕ್ ಔಷಧಿ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಬಡವರ ಕೈಗೆಟುಕುವುದು ಅದೇ. ಕಂಪನಿ ಬದಲಾಗಬಹುದು, ಬಣ್ಣ ಬದಲಾಗಬಹುದು. ಆದರೆ ಔಷಧಿಯ ಮೂಲ ಹೆಸರು ಮತ್ತು ಮಿಲಿಗ್ರಾಂ ಎರಡೂ ಅವೇ ಇರಬೇಕು. ಇದ್ದೂ ಮೈಗೆ ಹೊಂದದಿದ್ದರೆ ಡಾಕ್ಟರಿಗೆ ಹೇಳಬೇಕು. ಇದನ್ನು ಓದಿ ಯಾರೂ ಗುಳಿಗೆ ಎಸೆಯಬೇಡಿ, ನೀವಾಗಿಯೇ ಹೆಚ್ಚು ಕಡಿಮೆ ಮಾಡಬೇಡಿ.

ಚೀಟಿಯಲ್ಲಿ ಬರೆದದ್ದನ್ನು ಬಿಟ್ಟು ಬೇರೆಯದನ್ನು ಕೊಡುವ ಅಧಿಕಾರ ಅಂಗಡಿಯವನಿಗಿಲ್ಲ. 2014ರ ಮಾರ್ಚ್‌ನಿಂದ ಆಲ್ಪ್ರಜೋಲಾಂ ಮಾರಿದರೆ ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟೆ ಎಂಬುದನ್ನು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಔಷಧಿಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಎಲ್ಲ ಕಾಲಕ್ಕೂ ಪುಕ್ಕಟೆ ಸಿಗಬೇಕು. "ಸ್ಟಾಕ್ ಇಲ್ಲ, ಹೊರಗೆ ತಗೊಳ್ಳಿ" ಎಂದರೆ ಸುಮ್ಮನೆ ಹಿಂದಿರುಗಬಾರದು. ಯಾಕಿಲ್ಲ, ಯಾವಾಗ ಬರುತ್ತದೆ ಎಂದು ಸಂಘದ ಹೆಸರಿನಲ್ಲಿ ಅರ್ಜಿ ಬರೆದು ಕೇಳಬೇಕು.

ಇನ್ನು ಗಂಡನ ಚೀಲದೊಳಗಿನ ಚೀಟಿಗಳ ಮಾತು. ಗುಳಿಗೆ ನುಂಗಿದವಳೆಲ್ಲ ಹುಚ್ಚಿಯಲ್ಲ. ಮಾನಸಿಕ ಕಾಯಿಲೆ ಇದೆ ಎಂದ ಮಾತ್ರಕ್ಕೆ ವಿಚ್ಛೇದನ ಸಿಗದು, ಜೊತೆಗೆ ಬಾಳುವುದೇ ಅಸಾಧ್ಯ ಎನ್ನುವಷ್ಟು ಅದು ತೀವ್ರವಾಗಿರಬೇಕು ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ. ಕಾಯಿಲೆ ಇದೆಯೆಂಬುದೊಂದರಿಂದಲೇ ಯಾರನ್ನೂ ಬುದ್ಧಿ ಸ್ವಾಧೀನವಿಲ್ಲದವರೆಂದು ತಿಳಿಯಬಾರದು ಎಂದು 2017ರ ಕಾಯ್ದೆ ಹೇಳುತ್ತದೆ. ಬದಲಿಗೆ ಕಾನೂನಿನ ಕಟಕಟೆಯಲ್ಲಿ ನಿಲ್ಲಬೇಕಾದವನು ಅವನು. 1983ರಲ್ಲಿ ಬಂದ 498ಎ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಾಗಿದೆ. ಹೆಂಡತಿಯ ಮಾನಸಿಕ ಆರೋಗ್ಯ ಕೆಡಿಸುವುದನ್ನೂ ಅದು ಕ್ರೌರ್ಯ ಎನ್ನುತ್ತದೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ತಾಲ್ಲೂಕಿನ ಸಂರಕ್ಷಣಾಧಿಕಾರಿಗೆ ದೂರು ಕೊಡಬಹುದು. ನಾನು ಕೊಟ್ಟಿದ್ದೇನೆ.

ಗುಳಿಗೆ ನಿದ್ದೆ ಕೊಟ್ಟೀತು, ನ್ಯಾಯ ಕೊಡಲಾರದು. ನಮ್ಮ ಹೆದರಿಕೆಗೆ ಮದ್ದು ಕೊಟ್ಟು, ಹೆದರಿಸುವವನನ್ನು ಮನೆಯಲ್ಲೇ ಬಿಟ್ಟರೆ ಅದೆಂಥ ಚಿಕಿತ್ಸೆ? ಮದ್ದು ಬೇಕಾದವಳಿಗೆ ಸರಿಯಾದ ಮದ್ದು ಸಿಗಲಿ. ಅದರ ಜೊತೆಗೇ ಏಟು ನಿಲ್ಲಲಿ. ಒಂದಕ್ಕೆ ಇನ್ನೊಂದು ಬದಲಿಯಲ್ಲ.

ಅದಕ್ಕೇ ನಮ್ಮ ಸಂಘದಲ್ಲಿ ಒಂದು ನಿರ್ಧಾರ ಮಾಡಿದ್ದೇವೆ. ನಿತ್ಯ ಗುಳಿಗೆ ತೆಗೆದುಕೊಳ್ಳುವವರು, ಮನಸ್ಸಿದ್ದರೆ, ಪಟ್ಟಿಯನ್ನು ಸಭೆಗೆ ತರುತ್ತಾರೆ. ಹೆಸರು, ಮಿಲಿಗ್ರಾಂ, ಬರೆದುಕೊಟ್ಟ ತಾರೀಖು ಓದಿ ಅವರವರ ಪುಸ್ತಕದಲ್ಲೇ ಬರೆದುಕೊಡುತ್ತೇವೆ. ಪಟ್ಟಿ ಬದಲಾದ ದಿನ ಹೊಸದನ್ನು ಹಳೆಯದರ ಪಕ್ಕ ಇಟ್ಟು ನೋಡುತ್ತೇವೆ. ರಾತ್ರಿ ತಡೆಯಲಾಗದಷ್ಟು ಸಂಕಟವಾದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು, ದುಡ್ಡಿಲ್ಲ. ಮನೆಯಲ್ಲಿ ಏಟು ಬೀಳುತ್ತಿದ್ದರೆ ಮಹಿಳಾ ಸಹಾಯವಾಣಿ 181.

ಹನ್ನೆರಡನೆಯ ಶತಮಾನದಲ್ಲಿ ಹೆಣ್ಣುಮಕ್ಕಳು ಎದ್ದು ಪ್ರಶ್ನೆ ಕೇಳಿದ ಕಲ್ಯಾಣ ಇದು. ಮುಂದಿನ ವಾರ ಉಳಿತಾಯದ ಪುಸ್ತಕ ಬಿಚ್ಚುವ ಮೊದಲು, ಸುಮ್ಮನೆ ಮೂಲೆಯಲ್ಲಿ ಕೂತ ಅಕ್ಕನನ್ನು ನೀವೂ ಒಂದು ಪ್ರಶ್ನೆ ಕೇಳಿ. ಡಾಕ್ಟರು ನನ್ನನ್ನು ಕೇಳದೆ ಬಿಟ್ಟ ಪ್ರಶ್ನೆ: "ನಿನಗ ಯಾಕ ನಿದ್ದಿ ಬರವಲ್ದು, ಅಕ್ಕಾ?"