ಜೋಳದ ಸೀಮೆಯ ಗಂಗಾಳದಲ್ಲಿ ಬರಿ ಅನ್ನ

ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆಭೂಮಿ ಹಿಂಗಾರಿ ಜೋಳಕ್ಕೆ, ಕಡಲೆಗೆ, ಕುಸುಬೆಗೆ ಹೆಸರಾದುದು. ಮುಂಗಾರಿನ ನೀರನ್ನು ಒಡಲಲ್ಲಿ ಹಿಡಿದಿಟ್ಟುಕೊಂಡು ಚಳಿಗಾಲದ ಇಬ್ಬನಿಯಲ್ಲಿ ಬೆಳೆ ಕೊಡುವ ಮಣ್ಣು ಅದು. ಪಡುವಣದ ಕಲಘಟಗಿ ಅರೆಮಲೆನಾಡು. ಅಲ್ಲಿ ಬೇಡ್ತಿಯ ಹರಿವು, ಕಾಡಂಚಿನ ಭತ್ತದ ಗದ್ದೆ. ಮಣ್ಣು ಬೇರೆ, ಮಳೆ ಬೇರೆ, ಬೆಳೆ ಬೇರೆಯಾಗಿದ್ದ ಈ ನಾಲ್ಕು ತಾಲ್ಲೂಕುಗಳಲ್ಲಿ ಬಡವರ ಗಂಗಾಳ ಮಾತ್ರ ಈಗ ಒಂದೇ ಬಣ್ಣಕ್ಕೆ ತಿರುಗುತ್ತಿದೆ: ಪಡಿತರದ ಬಿಳಿ ಅಕ್ಕಿಯ ಅನ್ನ, ಮೇಲೆ ಬೇಳೆ ಕಾಣದ ಸಾರು. ಜೋಳ ಬೆಳೆಯುವ ನೆಲದಲ್ಲಿ ಕುಳಿತು ಎಲ್ಲಿಯೋ ಬೆಳೆದ ಅಕ್ಕಿಯನ್ನು ಉಣ್ಣುವ ಈ ಏರ್ಪಾಟಿಗೆ ಆಹಾರ ಭದ್ರತೆ ಎಂಬ ಹೆಸರು ಬಂದಿದೆ. ಇದರಿಂದ ಹೊಟ್ಟೆ ತುಂಬುತ್ತದೆ, ನಿಜ. ದೇಹಕ್ಕೆ ಬೇಕಾದುದೆಲ್ಲ ಸಿಗುತ್ತಿದೆಯೆ?

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಪುಕ್ಕಟೆ ಅಕ್ಕಿ ಕೊಟ್ಟು ಜನರನ್ನು ಸೋಮಾರಿಗಳನ್ನಾಗಿ ಮಾಡಿದರೆಂದು ಪಟ್ಟಣದ ಪಡಸಾಲೆಗಳಲ್ಲಿ ಕುಳಿತು ಆಡುವವರ ಗುಂಪಿಗೆ ನಾನು ಸೇರಿದವನಲ್ಲ. 2013ರ ಜುಲೈನಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆ ಕೂಲಿಕಾರರ ಮನೆಯ ಒಲೆ ಆರದಂತೆ ನೋಡಿಕೊಂಡಿದೆ. 2020ರ ಲಾಕ್‌ಡೌನ್ ದಿನಗಳಲ್ಲಿ ಆ ಚೀಲವೇ ಅನೇಕರಿಗೆ ಆಸರೆಯಾಯಿತು. ಹಸಿದವರ ಮುಂದೆ ಪೌಷ್ಟಿಕತೆಯ ಉಪನ್ಯಾಸ ಮಾಡುವುದು ಅಸಭ್ಯತನ. ಸರ್ಕಾರ ಕೊಡುತ್ತಿರುವುದರ ಬಗ್ಗೆ ನನ್ನ ತಕರಾರಿಲ್ಲ. ಏನನ್ನು ಕೊಡುತ್ತಿದೆ, ಯಾರ ಬೆಳೆಯನ್ನು ಬದಿಗೊತ್ತಿ ಕೊಡುತ್ತಿದೆ ಎಂಬುದರ ಬಗ್ಗೆ ಇದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಅಕ್ಕಿಗೆ 3 ರೂಪಾಯಿ, ಗೋಧಿಗೆ 2 ರೂಪಾಯಿ, ಒರಟು ಧಾನ್ಯಗಳಿಗೆ 1 ರೂಪಾಯಿ ಎಂದು ದರ ಗೊತ್ತುಮಾಡಿತ್ತು. ಅಂದರೆ ಜೋಳ, ಸಜ್ಜೆ, ರಾಗಿಗಳಿಗೆ ಕಾಯ್ದೆಯಲ್ಲಿಯೇ ಜಾಗವಿತ್ತು. ಉತ್ತರ ಕರ್ನಾಟಕದ ಪಡಿತರ ಅಂಗಡಿಗಳಿಗೆ ಆಗೀಗ ಜೋಳವೂ ಬಂದದ್ದುಂಟು. ಆದರೆ ಅದು ಅತಿಥಿಯಂತೆ ಬಂದು ಹೋಯಿತು. ಮನೆಯವನಾಗಿ ಉಳಿದದ್ದು ಅಕ್ಕಿಯೇ.

ಕಾಗದದ ಲೆಕ್ಕವನ್ನು ನೋಡೋಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೆಯ ಸುತ್ತಿನಲ್ಲಿ, ಅಂದರೆ 2015-16ರಲ್ಲಿ, ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 60.9ರಷ್ಟು ಮಂದಿಗೆ ರಕ್ತಹೀನತೆ ಇತ್ತು. 2019-21ರ ಐದನೆಯ ಸುತ್ತಿನಲ್ಲಿ ಅದು ಶೇ. 65.5ಕ್ಕೆ ಏರಿತು. 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 44.8 ಇದ್ದದ್ದು ಶೇ. 47.8 ಆಯಿತು. ಅನ್ನಭಾಗ್ಯದಿಂದಲೇ ಹೀಗಾಯಿತೆಂದು ಹೇಳಿದರೆ ಅದು ವಿಜ್ಞಾನವಾಗದು. ರಕ್ತಹೀನತೆಗೆ ಜಂತುಹುಳು, ಬೇಗನೆಯ ಮದುವೆ, ಶೌಚದ ಕೊರತೆ ಎಂದು ಹತ್ತು ಕಾರಣಗಳಿವೆ. ಆದರೆ ಅಕ್ಕಿಯ ಚೀಲ ಮನೆಮನೆಗೆ ತಲುಪಿದ ವರ್ಷಗಳಲ್ಲಿಯೇ ರಕ್ತಹೀನತೆ ಇಳಿಯಲಿಲ್ಲ, ಏರಿತು ಎಂಬಷ್ಟನ್ನು ಅಧಿಕಾರಸ್ಥರು ಒಪ್ಪಿಕೊಳ್ಳಲೇಬೇಕು.

ಸರ್ಕಾರ ಇದಕ್ಕೆ ಕಂಡುಕೊಂಡ ಮದ್ದು ಯಾವುದು? ಅದೇ ಅಕ್ಕಿಗೆ ಕಾರ್ಖಾನೆಯಲ್ಲಿ ಕಬ್ಬಿಣ ಸೇರಿಸುವುದು. 2021ರ ಆಗಸ್ಟ್ 15ರಂದು ಕೆಂಪುಕೋಟೆಯ ಮೇಲಿಂದ ಸಾರವರ್ಧಿತ ಅಕ್ಕಿಯ ಘೋಷಣೆಯಾಯಿತು. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ದೊರೆಯಿತು. 2024ರ ಅಕ್ಟೋಬರ್‌ನಲ್ಲಿ ಅದನ್ನು 2028ರ ಡಿಸೆಂಬರ್‌ವರೆಗೆ ಮುಂದುವರಿಸುವ ತೀರ್ಮಾನವಾಯಿತು. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ-12 ಬೆರೆಸಿ ಯಂತ್ರದಲ್ಲಿ ಅಕ್ಕಿಯ ಆಕಾರದ ಕಾಳು ಒತ್ತಿ, ನೂರು ಕಾಳಿಗೊಂದರಂತೆ ಬೆರೆಸುವ ವಿಧಾನ ಇದು. ಇದನ್ನು ಯಾರೂ ಸರಿಯಾಗಿ ತಿಳಿಸಿ ಹೇಳದ ಕಾರಣ ನಮ್ಮ ಹೆಣ್ಣುಮಕ್ಕಳು ಮೊರ ಹಿಡಿದು ಆ ಕಾಳುಗಳನ್ನು ‘ಪ್ಲಾಸ್ಟಿಕ್ ಅಕ್ಕಿ’ ಎಂದು ಆರಿಸಿ ಚೆಲ್ಲಿದ್ದೂ ಆಯಿತು.

ಒಂದು ಸಣ್ಣ ಗಣಿತ ಮಾಡೋಣ. ವಿದ್ಯಾರ್ಥಿಗಳು ಇದನ್ನು ತಮ್ಮ ನೋಟುಬುಕ್ಕಿನಲ್ಲಿಯೂ ಮಾಡಿ ನೋಡಬಹುದು. ಸಾರವರ್ಧಿತ ಅಕ್ಕಿಯಲ್ಲಿ ಕಿಲೋಗೆ 28ರಿಂದ 42.5 ಮಿಲಿಗ್ರಾಂ ಕಬ್ಬಿಣ ಸೇರಿಸಬೇಕೆಂಬುದು ಮಾನದಂಡ. ತಿಂಗಳಿಗೆ ತಲೆಗೆ 5 ಕಿಲೋ ಎಂದರೆ ದಿನಕ್ಕೆ ಸೇರಿದ ಕಬ್ಬಿಣ ಸುಮಾರು 5ರಿಂದ 7 ಮಿಲಿಗ್ರಾಂ. ಇನ್ನು ಜೋಳ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ಹತ್ತಿರಹತ್ತಿರ 4 ಮಿಲಿಗ್ರಾಂ ಕಬ್ಬಿಣ, 10 ಗ್ರಾಂ ಪ್ರೋಟೀನು, 10 ಗ್ರಾಂ ನಾರು ಇವೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಕಬ್ಬಿಣ 1 ಮಿಲಿಗ್ರಾಂಗಿಂತ ಕಡಿಮೆ, ನಾರು 3 ಗ್ರಾಂಗಿಂತ ಕಡಿಮೆ. ತಿಂಗಳಿಗೆ ಅದೇ 5 ಕಿಲೋ ಜೋಳ ಕೊಟ್ಟರೆ ದಿನಕ್ಕೆ ಆರೂವರೆ ಮಿಲಿಗ್ರಾಂ ಕಬ್ಬಿಣ ಒದಗುತ್ತದೆ! ಕಾರ್ಖಾನೆ ಬೇಡ, ಯಂತ್ರ ಬೇಡ, ಮಿಶ್ರಣದ ಗುತ್ತಿಗೆ ಬೇಡ. ಅಕ್ಕಿಯ ಮೇಲ್ಪದರವನ್ನು ಗಿರಣಿಯಲ್ಲಿ ಉಜ್ಜಿ ತೆಗೆದು, ಅನಂತರ ಹೊರಗಿನಿಂದ ಸತ್ವ ತುಂಬುವ ಈ ಜಾಣತನವನ್ನು ಏನೆನ್ನಬೇಕು?

ಜೋಳದಲ್ಲಿರುವ ಕಬ್ಬಿಣವೆಲ್ಲ ರಕ್ತಕ್ಕೆ ಸೇರುವುದಿಲ್ಲ, ಫೈಟೇಟ್ ಎಂಬ ವಸ್ತು ಅದನ್ನು ಕಟ್ಟಿಹಾಕುತ್ತದೆ ಎಂದು ತಿಳಿದವರು ಆಕ್ಷೇಪಿಸಬಹುದು. ಆಕ್ಷೇಪ ಸರಿಯಾದುದೇ. ಆದರೆ ಈ ಸೀಮೆಯಲ್ಲಿ ಬರಿಯ ಜೋಳವನ್ನು ಯಾರು ತಿಂದರು? ರೊಟ್ಟಿಯ ಪಕ್ಕಕ್ಕೆ ಮಡಕಿಕಾಳು, ಹೆಸರುಕಾಳಿನ ಪಲ್ಯ ಇತ್ತು. ಹುಳಿಯುಳ್ಳ ಪುಂಡಿಪಲ್ಯ ಇತ್ತು. ಹಸಿ ಮೆಂತ್ಯ, ಹತ್ತರಕಿ, ಉಳ್ಳಾಗಡ್ಡಿ ಇದ್ದವು. ಗುರೆಳ್ಳು, ಅಗಸಿ, ಶೇಂಗಾ ಹಿಂಡಿಗಳಿದ್ದವು. ಕುಸುಬೆ ಎಣ್ಣೆ, ಮಜ್ಜಿಗೆ ಇದ್ದವು. ನಿಂಬೆ, ಹಸಿಸೊಪ್ಪುಗಳ ಸಿ ಜೀವಸತ್ವವು ಧಾನ್ಯದ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ. ಜೋಳದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಕಾಳಿನಲ್ಲಿ ಅದು ಹೇರಳ. ಅಂಬಲಿಯನ್ನು ಹುಳಿಬರಿಸಿದಾಗ ಫೈಟೇಟ್ ತಗ್ಗುತ್ತದೆ. ಇದನ್ನೆಲ್ಲ ಯಾವ ಪ್ರಯೋಗಾಲಯವೂ ಈ ಊರುಗಳ ಅಜ್ಜಿಯರಿಗೆ ಹೇಳಿಕೊಡಲಿಲ್ಲ.

ಈ ಊಟ ಹುಟ್ಟಿದ್ದು ಅಡಿಗೆಮನೆಯಲ್ಲಲ್ಲ, ಹೊಲದಲ್ಲಿ. ಹಿಂಗಾರಿ ಜೋಳದ ನಡುವೆ ಕುಸುಬೆಯ, ಕಡಲೆಯ ಅಕ್ಕಡಿ ಸಾಲು. ಸಾವೆ-ನವಣೆಯ ಹೊಲದಲ್ಲಿ ತೊಗರಿ. ಬದುವಿನಗುಂಟ ಪುಂಡಿ, ಗುರೆಳ್ಳು. ಕುಂದಗೋಳದ ಕಡೆ ಉಳ್ಳಾಗಡ್ಡಿ, ಮೆಣಸಿನಕಾಯಿ, ಜಯಧರ ಹತ್ತಿ ಒಂದೇ ಹೊಲದಲ್ಲಿ ಒಂದರ ಬೆನ್ನಿಗೊಂದು ಕೈಗೆ ಬರುತ್ತಿದ್ದವು. ಜೋಳದ ಕಣಕಿ ದನಕ್ಕೆ, ದನದ ಗೊಬ್ಬರ ಹೊಲಕ್ಕೆ, ಹಾಲು-ಮಜ್ಜಿಗೆ ಮಕ್ಕಳಿಗೆ. ಕೂಲಿಯ ಹೆಣ್ಣುಮಗಳು ಕಳೆ ತೆಗೆದು ಮನೆಗೆ ಮರಳುವಾಗ ಉಡಿಯಲ್ಲಿ ಹತ್ತರಕಿ, ಗೋಳಿಸೊಪ್ಪು, ಕಡಲೆಯ ಕುಡಿ ಇರುತ್ತಿದ್ದವು. ಭೂಮಿ ಇಲ್ಲದವರಿಗೂ ಹೊಲದ ಸತ್ವದಲ್ಲಿ ಪಾಲಿತ್ತು, ಮತ್ತು ಆ ಪಾಲಿಗೆ ಪಹಣಿ ಬೇಕಿರಲಿಲ್ಲ.

ಆ ಹೊಲ ಒಡೆದದ್ದು ಒಂದು ದಿನದಲ್ಲಲ್ಲ. 1970ರ ದಶಕದಿಂದ ಹೈಬ್ರಿಡ್ ಹತ್ತಿ, 2002ರ ಅನಂತರ ಬಿಟಿ ಹತ್ತಿ, ಅದರೊಡನೆ ಗೋವಿನಜೋಳ. ಕಲಘಟಗಿಯ ಕಡೆ ಕಾಡಂಚಿನವರೆಗೂ ಗೋವಿನಜೋಳ ಏರಿದೆ. ಅದು ಕೋಳಿಯ ಮೇವಿಗೆ, ಪಿಷ್ಟದ ಕಾರ್ಖಾನೆಗೆ, ಈಚೆಗೆ ಎಥೆನಾಲಿಗೆ ಹೋಗುವ ಬೆಳೆ. ಬೆಳೆದವನ ಗಂಗಾಳಕ್ಕೆ ಬರುವಂಥದಲ್ಲ. ಹಣವಾದರೂ ನೆಚ್ಚಿಕೆಯದೆ? 2025ರ ನವೆಂಬರ್‌ನಲ್ಲಿ ಕ್ವಿಂಟಲಿಗೆ 2,400 ರೂಪಾಯಿ ಬೆಂಬಲ ಬೆಲೆ ಇದ್ದೂ ಪೇಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗೆ ಬಿದ್ದು ಈ ಭಾಗದ ರೈತರು ಬೀದಿಗಿಳಿಯಬೇಕಾಯಿತು. ಕಳೆನಾಶಕ ಬಂದ ಮೇಲೆ ಉಡಿಯ ಸೊಪ್ಪೂ ಹೋಯಿತು. ಇಳುವರಿಯನ್ನು ಎಕರೆಗೆ ಎಷ್ಟು ಕ್ವಿಂಟಲ್ ಎಂದು ಅಳೆಯುವ ಲೆಕ್ಕಪತ್ರದಲ್ಲಿ ಹತ್ತರಕಿಗೆ ಕಾಲಂ ಇಲ್ಲ. ‘ಅಕ್ಕಿ ಪುಕ್ಕಟೆ ಬರತೈತಿ, ಜ್ವಾಳ ಯಾಕ ಬಿತ್ತಬೇಕ್ರಿ?’ ಎಂಬ ಮಾತಿಗೆ ನಮ್ಮ ಯೋಜನೆಗಳಲ್ಲಿ ಉತ್ತರವೂ ಇಲ್ಲ.

ಇನ್ನೊಂದು ಕಡೆಯ ಗದ್ದಲವನ್ನೂ ಹೇಳಬೇಕು. ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಪ್ರಸ್ತಾಪ ನಮ್ಮ ದೇಶದ್ದೇ. ಸಮಾವೇಶಗಳಾದವು, ಮೇಳಗಳಾದವು. ಆದರೆ ಕೇಂದ್ರ ಬೆಂಬಲ ಬೆಲೆ ಘೋಷಿಸುವ ಬೆಳೆಗಳ ಪಟ್ಟಿಯಲ್ಲಿ ಜೋಳ, ಸಜ್ಜೆ, ರಾಗಿಗಳಿವೆ. 2025-26ರ ಪಟ್ಟಿಯಲ್ಲಿಯೂ ನವಣೆ, ಸಾವೆಗಳಿರಲಿಲ್ಲ. ವೇದಿಕೆಯಲ್ಲಿ ಹಾರ, ಪಟ್ಟಿಯಲ್ಲಿ ಹೆಸರಿಲ್ಲ. ಇತ್ತ ನಗರಗಳಲ್ಲಿ ಸಾವೆ ತಿಂದರೆ ಆ ರೋಗ ಹೋಗುತ್ತದೆ, ಊದಲು ತಿಂದರೆ ಈ ರೋಗ ಹೋಗುತ್ತದೆ ಎಂಬ ಪ್ರಚಾರ ನಡೆದಿದೆ, ಬೆಳೆದವನೇ ಕೊಳ್ಳಲಾಗದ ಬೆಲೆಯ ಪೊಟ್ಟಣಗಳಲ್ಲಿ. ಆ ಪೊಟ್ಟಣದ ಧಾನ್ಯವನ್ನೂ ಅಕ್ಕಿಯಂತೆ ಬೆಳ್ಳಗೆ ಪಾಲಿಶ್ ಮಾಡಿದ್ದರೆ ನಾರು ಹೋಯಿತು, ಖನಿಜ ಹೋಯಿತು, ಬೆಲೆ ಮಾತ್ರ ಉಳಿಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಮಧುಮೇಹ ಅಧ್ಯಯನದ 2025ರ ಪ್ರಕಟಣೆ ಈ ಮಾತಿಗೆ ಬೆಂಬಲ ನೀಡುತ್ತದೆ. ನಮ್ಮವರ ಆಹಾರಶಕ್ತಿಯ ಶೇ. 62ರಷ್ಟು ಪಿಷ್ಟ-ಸಕ್ಕರೆಗಳಿಂದಲೇ ಬರುತ್ತಿದೆ ಎಂದು ಅದು ಹೇಳಿತು. ಅಕ್ಕಿಯ ಬದಲು ಸಿರಿಧಾನ್ಯದ ಹಿಟ್ಟು ಬಂದ ಮಾತ್ರಕ್ಕೆ ಮಧುಮೇಹದ ಅಪಾಯ ತಗ್ಗಿದ್ದು ಕಾಣಲಿಲ್ಲ. ಧಾನ್ಯವನ್ನೇ ಒಂದಿಷ್ಟು ಕಡಿಮೆ ಮಾಡಿ ಆ ಜಾಗಕ್ಕೆ ಕಾಳು-ಹಾಲಿನಂಥ ಪ್ರೋಟೀನು ಬಂದರೆ ಅಪಾಯ ತಗ್ಗುವುದೆಂಬ ಸೂಚನೆ ಕಂಡಿತು. ರೊಟ್ಟಿಯ ಪಕ್ಕದ ಕಾಳಿನ ಪಲ್ಯವನ್ನು ನಾನು ಇಷ್ಟು ಒತ್ತಿ ಹೇಳುತ್ತಿರುವುದು ಇದೇ ಕಾರಣಕ್ಕೆ. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ವ್ಯಾಜ್ಯ ನಡೆದು ರಾಗಿ ಗೆದ್ದಿತು. ನಮ್ಮ ಕಾಲದ ವ್ಯಾಜ್ಯದಲ್ಲಿ ಒಂದು ಧಾನ್ಯವನ್ನು ಇಳಿಸಿ ಇನ್ನೊಂದನ್ನು ಪಟ್ಟಕ್ಕೇರಿಸಿದರೆ ಸಾಲದು.

ಜೋಳ ಮರಳಬೇಕು ಎನ್ನುವ ಗಂಡಸರು ಇನ್ನೊಂದು ಪ್ರಶ್ನೆಗೂ ಉತ್ತರ ಕೊಡಬೇಕು. ರೊಟ್ಟಿ ಬಡಿಯುವವರು ಯಾರು? ಅಕ್ಕಿ ಗೆದ್ದದ್ದು ಬೆಲೆಯಿಂದ ಮಾತ್ರವಲ್ಲ. ಹೊಲದ ಕೂಲಿ ಮುಗಿಸಿ ಬಂದ ಹೆಣ್ಣುಮಗಳಿಗೆ ಅನ್ನ ಬೇಗ ಬೇಯುತ್ತದೆ. ಸಾವೆ-ನವಣೆಗಳದಂತೂ ಇನ್ನೂ ಕಷ್ಟ: ಹೊಟ್ಟು ಬಿಡಿಸದೆ ಬಾಯಿಗೆ ಬರವು. ಒನಕೆಯ ಕಾಲಕ್ಕೆ ಮರಳಿರೆಂದು ಹೇಳಲು ನಮಗಾರಿಗೂ ಹಕ್ಕಿಲ್ಲ. ಈ ತೊಡಕಿಗೆ ಉತ್ತರ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದಲ್ಲಿದೆ. ಅಲ್ಲಿಯ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಗುಂಪು ಸಹಜ ಸಮೃದ್ಧ ಸಂಸ್ಥೆಯ ನೆರವಿನಿಂದ ಸಿರಿಧಾನ್ಯಗಳ ಬೀಜ ಬ್ಯಾಂಕು ಕಟ್ಟಿತು, ಹೊಟ್ಟು ಬಿಡಿಸುವ ಯಂತ್ರಗಳ ಘಟಕವನ್ನು ತಾನೇ ನಡೆಸತೊಡಗಿತು. ಬೀಜವೂ ಗಿರಣಿಯೂ ಒಂದೇ ಊರಿನಲ್ಲಿ, ಹೆಂಗಸರ ಕೈಯಲ್ಲಿ ಬಂದುದೇ ಇದರ ವಿಶೇಷ. 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಈ ಗುಂಪಿಗೆ ಬಂದಿತು. ಪ್ರಶಸ್ತಿಗೆ ಸಂತೋಷಪಡೋಣ. ಆದರೆ ಒಂದು ಊರಿನ ಹೆಂಗಸರಿಗೆ ಸಾಧ್ಯವಾದ ಗಿರಣಿ ಹೋಬಳಿಗೊಂದು ಏಕಾಗಬಾರದು?

2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಂಪುಟವು ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪುಗಳ ‘ಇಂದಿರಾ ಆಹಾರ ಕಿಟ್’ ಕೊಡುವ ತೀರ್ಮಾನ ಮಾಡಿತು. ಅಕ್ಕಿಯೊಂದೇ ಸಾಲದೆಂದು ಸರ್ಕಾರವೇ ಒಪ್ಪಿದಂತಾಯಿತು. ಹಾಗಾದರೆ ಆ ಕಾಳು ನವಲಗುಂದದ ಹೆಸರು, ಅಣ್ಣಿಗೇರಿಯ ಕಡಲೆ ಏಕಾಗಬಾರದು? ‘ಅಣ್ಣಿಗೇರಿ-1’ ಎಂಬ ಕಡಲೆ ತಳಿ ಊರಿನ ಹೆಸರನ್ನು ಹೊತ್ತು ನಾಡಿನಾಚೆಗೂ ಹೋಗಿದೆ. ಆ ಊರಿನ ಅಂಗನವಾಡಿಯ ಮಗುವಿಗೆ ದಿನವೂ ಒಂದು ಹಿಡಿ ಸಿಗಲಿ. ತಲೆಗೆ ಕೊಡುವ ಧಾನ್ಯದಲ್ಲಿ ಅರ್ಧದಷ್ಟಾದರೂ ಇದೇ ಜಿಲ್ಲೆಯಲ್ಲಿ ಬೆಂಬಲ ಬೆಲೆಗೆ ಕೊಂಡ ಜೋಳವಾಗಲಿ. ಬೆಂಬಲ ಬೆಲೆಯ ಪಟ್ಟಿಗೆ ನವಣೆ, ಸಾವೆ ಸೇರಲಿ. ಸಕ್ಕರೆಯನ್ನು ಆ ಕಿಟ್‌ನಿಂದ ತೆಗೆದರೆ ಯಾರಿಗೂ ನಷ್ಟವಿಲ್ಲ.

ಇದು ಬಯಲುಸೀಮೆಯ ಕತೆ, ನಮಗೇಕೆ ಎಂದು ಘಟ್ಟದ ಓದುಗರು ಪುಟ ಮಗುಚಬಾರದು. ನಮ್ಮಲ್ಲಿಯೂ ಗದ್ದೆ ಅಡಿಕೆ ತೋಟವಾಗುತ್ತಿದೆ. ಒಂದೆಲಗ, ಕೆಸು, ಚಗಚೆಗಳ ತಂಬುಳಿ-ಪಲ್ಯ ಮದುವೆಮನೆಯ ವಿಶೇಷವಾಗಿ ಉಳಿದಿವೆ. ಪಡಿತರದ ಚೀಲ ನಮ್ಮ ಕಣಿವೆಗೂ ಅದೇ. ಜೋಯಿಡಾದ ಕುಣಬಿಗಳು ಗಡ್ಡೆಗೆಣಸುಗಳನ್ನು ಮೇಳ ಕಟ್ಟಿ ಉಳಿಸಿಕೊಂಡದ್ದು ನಮ್ಮ ಕಣ್ಣೆದುರಿಗಿದೆ.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ಕೋರಿಕೆ. ನಿಮ್ಮ ಊರಿನ ಹತ್ತು ಮನೆಗಳಿಗೆ ಹೋಗಿ ಮೂವತ್ತು ವರ್ಷದ ಹಿಂದೆ ಹೊಲದಲ್ಲಿ ಏನೇನಿತ್ತು, ಗಂಗಾಳದಲ್ಲಿ ಏನೇನಿತ್ತು, ಈಗ ಏನೇನಿದೆ ಎಂದು ಎರಡು ಪಟ್ಟಿ ಬರೆಯಿರಿ. ಕಳೆಯೆಂದು ಕರೆಸಿಕೊಳ್ಳುವ ಸೊಪ್ಪುಗಳನ್ನೂ ಬಿಡಬೇಡಿ. ಅವುಗಳ ಹೆಸರು ಬಲ್ಲವರು ವಯಸ್ಸಾದ ಹೆಂಗಸರು, ಅವರನ್ನೇ ಮೊದಲು ಕೇಳಿ. ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿ, ಜೋಳ ಖರೀದಿಗೂ ಹೋಬಳಿಯ ಗಿರಣಿಗೂ ಠರಾವು ಬರೆಸಿ. ಹಿಂಗಾರಿ ಜೋಳ ಫೆಬ್ರುವರಿ-ಮಾರ್ಚ್ ಹೊತ್ತಿಗೆ ಕಣಕ್ಕೆ ಬರುತ್ತದೆ. ಅಷ್ಟರೊಳಗೆ ಖರೀದಿ ಕೇಂದ್ರದ ಬಾಗಿಲು ತೆರೆದಿರಬೇಕಾದರೆ ಠರಾವು ಬಿತ್ತನೆಯ ಕಾಲಕ್ಕೇ ಆಗಬೇಕು.