ಮೊಳಕೈಗೆ ಪೆಟ್ಟಾದರೆ ಮಣಿಕಟ್ಟನ್ನೂ ನೋಡಬೇಕು

ಶಿವಮೊಗ್ಗ, ಭದ್ರಾವತಿಗಳ ಸುತ್ತಲಿನ ಅಡಿಕೆ ತೋಟಗಳಲ್ಲಿ ಮಳೆಗಾಲ ಬಂದರೆ ಕೊಳೆರೋಗದ ತಡೆಗಾಗಿ ಬೋರ್ಡೋ ದ್ರಾವಣವನ್ನು ಸಿಂಪಡಿಸಬೇಕು. ಮುಂದೆ ಕೊನೆ ಕೊಯ್ಯಬೇಕು. ನೆಲದಲ್ಲಿ ನಿಂತೇ ಕೆಲಸ ಮಾಡುವ ಉದ್ದನೆಯ ದೋಟಿಗಳು ಈಚೆಗೆ ಬಂದಿವೆಯಾದರೂ ಮರವೇರುವ ಕೊನೆಗಾರ ಇನ್ನೂ ಮರೆಯಾಗಿಲ್ಲ. ಜಾರಿ ಬೀಳುವವನು ತನಗರಿಯದೆಯೇ ಕೈಯನ್ನು ಮುಂದೆ ಚಾಚುತ್ತಾನೆ. ದೇಹದ ಭಾರವೆಲ್ಲ ಅಂಗೈಯ ಮೇಲೆ ಬೀಳುತ್ತದೆ. ಆ ಭಾರ ಅಲ್ಲಿಂದ ಎಲ್ಲಿಗೆ ಹೋಯಿತು? ಈ ಪ್ರಶ್ನೆಯನ್ನು ಕೇಳಿಕೊಳ್ಳದೆ ಮುರಿದ ಮೊಳಕೈಗೆ ಶಸ್ತ್ರವನ್ನು ತಾಗಿಸಬಾರದೆಂಬುದು ನಮ್ಮ ಅಭಿಪ್ರಾಯ.

ಮುಂದೋಳಿನಲ್ಲಿ ಎರಡು ಎಲುಬುಗಳುಂಟು: ಹೆಬ್ಬೆರಳಿನ ಕಡೆಗೆ ರೇಡಿಯಸ್, ಕಿರುಬೆರಳಿನ ಕಡೆಗೆ ಅಲ್ನಾ. ಮಣಿಕಟ್ಟಿಗೆ ಬಂದ ಭಾರದಲ್ಲಿ ಶೇಕಡ 80ರಷ್ಟನ್ನು ರೇಡಿಯಸ್ ಹೊರುತ್ತದೆಂದು ಪ್ರಯೋಗಗಳಿಂದ ತಿಳಿದುಬಂದಿದೆ. ಮೊಳಕೈಯನ್ನು ತಲಪುವಷ್ಟರಲ್ಲಿ ಅದರ ಪಾಲು ಸುಮಾರು 60ಕ್ಕೆ ಇಳಿದಿರುತ್ತದೆ. ನಡುದಾರಿಯಲ್ಲಿ ಭಾರವನ್ನು ಅಲ್ನಾಕ್ಕೆ ದಾಟಿಸುವುದು ಎರಡೆಲುಬುಗಳ ನಡುವೆ ಹರಡಿರುವ ಅಸ್ಥ್ಯಂತರ ಪೊರೆ. ಪೊರೆಯೆಂಬ ಹೆಸರನ್ನು ಕೇಳಿ ಅದನ್ನು ತೆಳುವಾದ ಹೊದಿಕೆಯೆಂದು ಭಾವಿಸಬಾರದು. ಅದರ ನಡುಪಟ್ಟಿ ಗಟ್ಟಿಯಾದ ಅಸ್ಥಿರಜ್ಜು. ಅದರ ಎಳೆಗಳು ರೇಡಿಯಸ್ಸಿನ ನಡುವಿಗಿಂತ ತುಸು ಮೇಲಿನಿಂದ ಹೊರಟು, ಅಲ್ನಾದ ನೀಳಕ್ಕೆ ಸುಮಾರು 21 ಡಿಗ್ರಿ ಓರೆಯಾಗಿ ಕೆಳಗಿಳಿದು ಅದನ್ನು ಹಿಡಿದುಕೊಂಡಿವೆ. ಭಾರವು ರೇಡಿಯಸ್ಸನ್ನು ಮೊಳಕೈಯ ಕಡೆಗೆ ತಳ್ಳಿದಾಗ ಎಳೆಗಳು ಬಿಗಿಯುತ್ತವೆ; ಅಲ್ನಾವೂ ಹೊರೆಗೆ ಹೆಗಲು ಕೊಡುತ್ತದೆ.

ಪೆಟ್ಟು ಮಿತಿಮೀರಿದರೆ ಮೂರು ಹಾನಿಗಳು ಒಟ್ಟಿಗೆ ಸಂಭವಿಸಬಹುದು: ಮೊಳಕೈಯಲ್ಲಿ ರೇಡಿಯಸ್ಸಿನ ತಲೆ ಒಡೆಯುತ್ತದೆ, ನಡುಪಟ್ಟಿ ಹರಿಯುತ್ತದೆ, ಮಣಿಕಟ್ಟಿನ ಬಳಿ ಎರಡೆಲುಬುಗಳ ಕೀಲು ತಪ್ಪುತ್ತದೆ. ಇಂತಹ ಎರಡು ಪ್ರಕರಣಗಳನ್ನು 1951ರಲ್ಲಿ ವರ್ಣಿಸಿದ ಇಂಗ್ಲೆಂಡಿನ ಶಸ್ತ್ರವೈದ್ಯ ಪೀಟರ್ ಎಸೆಕ್ಸ್-ಲೊಪ್ರೆಸ್ಟಿಯವರ ಹೆಸರೇ ಈ ಗಾಯಕ್ಕೆ ನಿಂತಿದೆ. ನೋವೆಲ್ಲ ಮೊಳಕೈಯಲ್ಲಿರುವಾಗ ಮಣಿಕಟ್ಟನ್ನು ವಿಚಾರಿಸುವವರಾರು? ಒಡೆದ ತಲೆಯನ್ನು ತೆಗೆದುಹಾಕಿದರೆ ಕೆಲಸ ಮುಗಿಯಿತೆಂದು ತೋರುತ್ತದೆ. ಆದರೆ ಪಟ್ಟಿ ಹರಿದ ಕೈಯಲ್ಲಿ ರೇಡಿಯಸ್ಸಿಗೆ ಉಳಿದಿರುವ ಮುಖ್ಯ ತಡೆ ಆ ತಲೆಯೇ. ಅದೂ ಹೋದರೆ ರೇಡಿಯಸ್ ಮೆಲ್ಲಮೆಲ್ಲನೆ ಮೇಲಕ್ಕೆ ಸರಿಯುತ್ತದೆ. ಅಲ್ನಾದ ತುದಿ ಮಣಿಕಟ್ಟನ್ನು ಒತ್ತುತ್ತದೆ. ಹಿಡಿತ ಕುಗ್ಗುತ್ತದೆ, ಅಂಗೈ ಸರಾಗವಾಗಿ ತಿರುಗದು. ಮರವನ್ನು ತಬ್ಬಿ ಏರುವವನಿಗೆ ಇದು ಜೀವನೋಪಾಯದ ಪ್ರಶ್ನೆ.

1923ರಲ್ಲಿ ಕಬ್ಬಿಣ ತೆಗೆಯತೊಡಗಿದ ಕಾರ್ಖಾನೆಯಿಂದ ಹೆಸರಾದ ಭದ್ರಾವತಿಯವರಿಗೆ ಒಂದು ಮಾತನ್ನು ಹೊಸದಾಗಿ ಹೇಳಬೇಕಾಗಿಲ್ಲ: ಅಳತೆ ಮೊದಲು, ಎರಕ ಆಮೇಲೆ. ಶಸ್ತ್ರಚಿಕಿತ್ಸೆಗೂ ಇದೇ ನ್ಯಾಯ ಸಲ್ಲುತ್ತದೆ. ಎರಡೂ ಕೈಗಳ ಮಣಿಕಟ್ಟಿನ ಕ್ಷಕಿರಣ ಚಿತ್ರಗಳನ್ನು ತೆಗೆದು ಹೋಲಿಸಿದರೆ ರೇಡಿಯಸ್ ಎಷ್ಟು ಸರಿದಿದೆಯೆಂದು ಅಳೆಯಬಹುದು. ಹರಿದ ಪಟ್ಟಿಯನ್ನು ಅಲ್ಟ್ರಾಸೌಂಡಿನಿಂದಲೋ ಎಂ.ಆರ್.ಐ.ಯಿಂದಲೋ ಕಾಣಬಹುದು. ಬಳಿಕ ರೇಡಿಯಸ್ಸಿನ ತಲೆಯನ್ನು ಕೂಡಿಸಬೇಕು. ಆಗದಿದ್ದರೆ ಲೋಹದ ತಲೆಯನ್ನು ಇಡಬೇಕು. ಅದು ಉದ್ದವಾದರೆ ಮೊಳಕೈ ಸವೆಯುತ್ತದೆ, ಗಿಡ್ಡವಾದರೆ ಮಣಿಕಟ್ಟು ನೋಯುತ್ತದೆ. ಗಾಯ ಹಳತಾಗಿದ್ದರೆ ಅಲ್ನಾವನ್ನು ಕತ್ತರಿಸಿ ಕಿರಿದು ಮಾಡಬೇಕಾಗಬಹುದು. ಪಟ್ಟಿಯನ್ನು ಮತ್ತೆ ಕಟ್ಟುವುದಾದರೆ, ರೋಗಿಯದೇ ಸ್ನಾಯುರಜ್ಜುವನ್ನೋ ಬಲವಾದ ಕೃತಕ ದಾರವನ್ನೋ ಮೂಲದ ಓರೆಯಲ್ಲಿಯೇ ಹಾಯಿಸಬೇಕು. ಸಡಿಲವಾದರೆ ಅದು ನಿರರ್ಥಕ, ಅತಿ ಬಿಗಿಯಾದರೆ ಅಂಗೈ ತಿರುಗದು. ಪ್ರತಿಯೊಬ್ಬ ರೋಗಿಗೂ ಪಟ್ಟಿಯನ್ನು ಕಟ್ಟಲೇಬೇಕೆ ಎಂಬುದರಲ್ಲಿ ಶಸ್ತ್ರವೈದ್ಯರಿಗೆ ಒಮ್ಮತವಿಲ್ಲ. ಆದರೆ ತಡವಾಗಿ ಗುರುತಿಸಿದ ಗಾಯವನ್ನು ಸರಿಪಡಿಸುವುದು ಬಲು ಕಷ್ಟವೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಇಷ್ಟು ವಿರಳವಾದ ಗಾಯಕ್ಕೆ ಇಷ್ಟೊಂದು ಮಾತೇಕೆ ಎಂದು ಕೇಳಬಹುದು. ವಿರಳವೆಂಬುದು ನಿಜ, ಬಿದ್ದವರಲ್ಲಿ ಬಹುಮಂದಿಯ ನಡುಪಟ್ಟಿ ಹರಿದಿರುವುದಿಲ್ಲ. ಆದರೆ ಮಣಿಕಟ್ಟನ್ನು ಬೆರಳಿನಿಂದ ಒತ್ತಿ ನೋಡಲು ಅರೆನಿಮಿಷ ಸಾಕು. ನೋಡದೆ ಬಿಟ್ಟರೆ ತೆರಬೇಕಾದ ಬೆಲೆ ಒಂದು ದುಡಿಯುವ ಕೈ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಇಂದು ವೈದ್ಯಕೀಯ ವಿದ್ಯಾರ್ಥಿಗಳು ಕಲಿಯುವ ಸ್ಥಳವೂ ಆಗಿದೆ. ನಮ್ಮ ವಾಚಕರಲ್ಲಿ ಕೆಲವರು ಮುಂದೆ ಅಂತಹ ಕಡೆ ಕಲಿಯುವರು. ಉಳಿದವರೂ ಒಂದು ಕೆಲಸ ಮಾಡಬಹುದು: ಬಿದ್ದವನನ್ನು ಆಸ್ಪತ್ರೆಗೆ ಕರೆದೊಯ್ದಾಗ, ಮೊಳಕೈ ಮುರಿದಿದ್ದರೂ ಅವನು ಊರಿದ್ದು ಅಂಗೈಯನ್ನು ಎಂದು ವೈದ್ಯರಿಗೆ ತಿಳಿಸುವುದು.