ಅದೇ ಗಾಡಿಯೇ, ಬೇರೆಯೇ?

ಹಳೆಯ ಮೋಟಾರುಗಾಡಿಗೆ ಬೆಲೆ ಕಟ್ಟಲು ಹೊರಟವರು ಮೊದಲು ನೋಡುವುದು ಅದರ ಬಣ್ಣವನ್ನು. ಆಮೇಲೆ ಚಕ್ರಗಳನ್ನು, ಆಸನದ ತೊಗಲನ್ನು. ಬಲ್ಲವರು ಮಾತ್ರ ಬಾನೆಟ್ಟನ್ನೆತ್ತಿ, ಚಿಂದಿ ಬಟ್ಟೆಯಿಂದ ಎಣ್ಣೆಯ ಜಿಡ್ಡನ್ನು ಒರಸಿ, ಕಬ್ಬಿಣದ ಮೇಲೆ ಕೊರೆದ ಅಂಕಿಗಳನ್ನು ಹುಡುಕುತ್ತಾರೆ. ಬಣ್ಣವು ಬೇಕಾದಂತೆ ಹೇಳುತ್ತದೆ. ಅಂಕಿಗಳು ಅಷ್ಟು ಸುಲಭವಾಗಿ ಬಾಗುವುದಿಲ್ಲ.

ಹುಕ್ಕೇರಿಯ ಹಳೆಯ ವಾಡೆಯೊಂದರ ಕೊಟ್ಟಿಗೆಯಲ್ಲಿ, ಹೊಟ್ಟಿನ ಚೀಲಗಳ ಹಿಂದೆ, ಎರಡೇ ಆಸನಗಳ ಎಂ.ಜಿ. ಕ್ರೀಡಾಕಾರೊಂದು ನಿಂತಿದೆಯೆಂದು ಭಾವಿಸಬಹುದು. ಮೂಡಲಗಿಯಿಂದ ಅದನ್ನು ಕೊಳ್ಳಲು ಬಂದವರಿಗೆ ಮನೆಯ ಯಜಮಾನರು ಹೇಳುವ ಕಥೆಯೂ ಸಿದ್ಧವಾಗಿರುತ್ತದೆ: “ನಮ್ಮ ಮುತ್ಯಾ ತಗೊಂಡ ಗಾಡಿರೀ ಇದು, ಗೋಕಾಕ ಫಾಲ್ಸ್ ಗಿರಣಿ ಸಾಹೇಬರ ಕಡಿಂದ.” ಕಥೆ ನಿಜವೇ ಇರಬಹುದು. ಜಲಪಾತದ ಬದಿಯ ಆ ನೂಲಿನ ಗಿರಣಿ 1880ರ ದಶಕದ್ದು. ಅಲ್ಲಿ ಇಂಗ್ಲಿಷರ ಆಡಳಿತ ಬಹುಕಾಲ ನಡೆಯಿತು. ಆದರೆ ಹಳೆಯ ಕಾರುಗಳ ಲೋಕದಲ್ಲಿ ಸಾಹೇಬನಿಲ್ಲದ ವಂಶಾವಳಿಯೇ ಅಪರೂಪ. ಕಥೆಯ ಜೊತೆಗೆ ಒಂದು ರಸೀದಿ, ಒಂದು ವಿಮೆಯ ಕಾಗದ, ಮದುವೆಯ ದಿನ ಗಾಡಿಯ ಮುಂದೆ ತೆಗೆಸಿದ ಭಾವಚಿತ್ರ, ಇವುಗಳಲ್ಲಿ ಏನಾದರೊಂದು ಬೇಕು.

ಕಾಗದಗಳನ್ನು ಓದುವಾಗ ಈ ಸೀಮೆಯ ಚರಿತ್ರೆಯೂ ತಿಳಿದಿರಬೇಕು. 1956ರ ಅಕ್ಟೋಬರ್ ಕೊನೆಯವರೆಗೆ ಬೆಳಗಾವಿ ಜಿಲ್ಲೆಯು ಮುಂಬಯಿ ರಾಜ್ಯದಲ್ಲಿತ್ತು. ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ರಾಜ್ಯದ ಹೆಸರು 1973ರಲ್ಲಿ ಕರ್ನಾಟಕವಾಯಿತು. ಆದುದರಿಂದ 1948ರಿಂದಲೂ ಹುಕ್ಕೇರಿಯನ್ನು ಬಿಟ್ಟು ಕದಲಿಲ್ಲವೆನ್ನುವ ಗಾಡಿಯ ಮೇಲೆ ಮೈಸೂರಿನ ‘ಎಂ.ವೈ.’ ಅಕ್ಷರಗಳಿದ್ದರೆ, ಅದು ಎಂದು, ಏಕೆ ಮರುನೋಂದಣಿಯಾಯಿತೆಂದು ಕೇಳಲೇಬೇಕು. ಮೂಡಲಗಿಯ ಹಳೆಯ ವಿಳಾಸದಲ್ಲಿ ‘ಗೋಕಾಕ ತಾಲೂಕು’ ಎಂದಿದ್ದರೆ ಸಂಶಯಪಡಬೇಕಾದುದಿಲ್ಲ. ಮೂಡಲಗಿ ಪ್ರತ್ಯೇಕ ತಾಲೂಕಾದುದು ತೀರ ಇತ್ತೀಚೆಗೆ. ಸಂಶಯಪಡಬೇಕಾದುದು ಅರ್ಧ ಶತಮಾನದ ಹಿಂದಿನ ಕಾಗದದಲ್ಲಿ ‘ಮೂಡಲಗಿ ತಾಲೂಕು’ ಎಂದಿದ್ದರೆ!

ಇನ್ನು ಗಾಡಿಯ ಮೈ. ಎಂ.ಜಿ.ಯ ಟಿ.ಸಿ. ಮಾದರಿಯು ಇಂಗ್ಲೆಂಡಿನ ಎಬಿಂಗ್ಡನ್ ಕಾರ್ಖಾನೆಯಲ್ಲಿ 1945ರಿಂದ 1949ರವರೆಗೆ ಸುಮಾರು 10,000ದಷ್ಟು ತಯಾರಾಯಿತು. ಮೊದಲನೆಯ ಗಾಡಿಯ ಸಂಖ್ಯೆ 1 ಅಲ್ಲ, 0251. ಕಾರ್ಖಾನೆಯ ದೂರವಾಣಿ ಸಂಖ್ಯೆ 251 ಆಗಿದ್ದುದೇ ಈ ವಿನೋದಕ್ಕೆ ಕಾರಣ. ಷಾಸಿಯ ಕಬ್ಬಿಣದ ಮೇಲೆ ಒಂದು ಸಂಖ್ಯೆ, ಇಂಜಿನಿನ ಮೇಲೆ ಎಂಟು ಮೂಲೆಯ ಹಿತ್ತಾಳೆ ಬಿಲ್ಲೆಯಲ್ಲಿ ಇನ್ನೊಂದು. ಇವೆರಡೂ ನೋಂದಣಿ ಪುಸ್ತಕಕ್ಕೆ ಹೊಂದಿಕೊಂಡರೆ ಅರ್ಧ ಕೆಲಸ ಮುಗಿಯಿತು. ಅರ್ಧವೇ ಏಕೆಂದರೆ, ಹಿತ್ತಾಳೆ ಬಿಲ್ಲೆಗಳು ಹೊಸದಾಗಿಯೂ ದೊರೆಯುತ್ತವೆ. ಗೋಕಾಕದ ಕುಶಲಿಗರು ಮಾಡುವ ಬಣ್ಣದ ಹಣ್ಣುಗಳನ್ನು ನಿಜವೆಂದು ತಿಳಿದು ಮಕ್ಕಳು ಬಾಯಿಗಿಟ್ಟುಕೊಳ್ಳುವುದುಂಟು. ಅದರಲ್ಲಿ ಮೋಸವಿಲ್ಲ, ಅವನ್ನು ಆಟಿಕೆಯೆಂದೇ ಮಾರುತ್ತಾರೆ. ಹೊಸ ಬಿಲ್ಲೆಯನ್ನು ಹಳೆಯದೆಂದು ಹೇಳಿದಾಗಲೇ ಮೋಸ ಆರಂಭವಾಗುವುದು. ಆದ್ದರಿಂದ ಬಿಲ್ಲೆಗಿಂತ ಕಬ್ಬಿಣವನ್ನು ನಂಬುವುದು ಮೇಲು. ಅಂಕಿಗಳ ಸುತ್ತ ಅರ ಹಾಕಿ ಉಜ್ಜಿದ ಗುರುತಿದೆಯೇ, ಬೆಸುಗೆಯ ಗಂಟಿದೆಯೇ, ಅಕ್ಷರಗಳ ಆಳ ಒಂದೇ ಸಮನಾಗಿದೆಯೇ ಎಂದು ಬೆರಳಿನಿಂದ ಸವರಿ ನೋಡಬೇಕು.

ಟಿ.ಸಿ.ಯ ತಗಡಿನ ಒಳಗೆ ಮರದ ಚೌಕಟ್ಟು ಇರುತ್ತದೆ. ಮಳೆಯೂ ಗೆದ್ದಲೂ ಅದನ್ನು ಬಿಡುವುದಿಲ್ಲ. ಊರಿನ ಬಡಿಗರು ಅದನ್ನು ಸಾಗವಾನಿಯಲ್ಲಿ ಮತ್ತೆ ಕಟ್ಟಿರಬಹುದು. ಸ್ವಾತಂತ್ರ್ಯಾನಂತರ ವಿದೇಶಿ ಕಾರುಗಳ ಆಮದು ಬಿಗಿಯಾದ ಮೇಲೆ ಬಿಡಿಭಾಗಗಳು ದುರ್ಲಭವಾದವು. ಮುರಿದುದನ್ನು ಬೆಳಗಾವಿಯ ಉದ್ಯಮಬಾಗದ ಲೇತಿನ ಮೇಲೆ ಕಡೆಸಿರಬಹುದು, ಇಂಜಿನಿನ ಜಾಗದಲ್ಲಿ ಅಂಬಾಸಿಡರಿನದು ಕುಳಿತಿರಬಹುದು. ಹಾಗೆ ಮಾಡದಿದ್ದರೆ ಗಾಡಿ ಎಂದೋ ಗುಜರಿಗೆ ಹೋಗುತ್ತಿತ್ತು. ಹಾಗಾದರೆ ಉಳಿದಿರುವುದು ಅದೇ ಗಾಡಿಯೇ? ಜಾತ್ರೆಯ ತೇರಿಗೆ ಗಾಲಿ ಬದಲಾಗುತ್ತದೆ, ಅಚ್ಚು ಬದಲಾಗುತ್ತದೆ. ಬೇರೆ ತೇರೆಂದು ಯಾರೂ ಅನ್ನುವುದಿಲ್ಲ.

ಇದೇ ಪ್ರಶ್ನೆ 1990ರಲ್ಲಿ ಲಂಡನ್ನಿನ ಹೈಕೋರ್ಟಿನ ಮುಂದೆ ಬಂದಿತು. ‘ಓಲ್ಡ್ ನಂಬರ್ ವನ್’ ಎಂಬ ಬೆಂಟ್ಲಿ ಕಾರು 1929 ಮತ್ತು 1930ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯವನ್ನು ಗೆದ್ದಿತ್ತು. 1932ರಲ್ಲಿ, ಬೇರೆ ದೊಡ್ಡ ಇಂಜಿನನ್ನು ಹೊತ್ತು ಬ್ರೂಕ್‌ಲ್ಯಾಂಡ್ಸಿನಲ್ಲಿ ಓಡುತ್ತಿದ್ದಾಗ ಅಪಘಾತವಾಗಿ ಚಾಲಕ ಕ್ಲೈವ್ ಡನ್ಫಿ ಅಸುನೀಗಿದನು. ಆಮೇಲೆ ಅದೇ ಗಾಡಿಯನ್ನು ಮುಚ್ಚಿದ ಕಾರಾಗಿ ಮತ್ತೆ ಕಟ್ಟಲಾಯಿತು. ಒಂದು ಕೋಟಿ ಪೌಂಡಿಗೆ ಮಾರಾಟದ ಒಪ್ಪಂದವಾದಾಗ, ಇದು ಆ ಕಾರೇ ಅಲ್ಲವೆಂದು ಕೊಳ್ಳುವವರು ಹಿಂದೆಗೆದರು. 1929ರ ಭಾಗಗಳು ಅದರಲ್ಲಿ ತೀರ ಸ್ವಲ್ಪವೇ ಉಳಿದಿದ್ದವು. ಆದರೂ ನ್ಯಾಯಮೂರ್ತಿ ಆಟನ್ ಅವರು ಮಾರುವವರ ಪರವಾಗಿ ತೀರ್ಪಿತ್ತರು. ಗಾಡಿಯು ಎಂದೂ ನಾಶವಾಗಲಿಲ್ಲ, ಅದರ ಬದುಕಿನ ಎಳೆ ಎಲ್ಲಿಯೂ ಕಡಿಯಲಿಲ್ಲ. ಮೂಲರೂಪದಲ್ಲಿ ಇಲ್ಲದಿದ್ದರೂ ಅದು ಅದೇ ಕಾರು ಎಂಬುದು ಅವರ ನಿರ್ಣಯದ ಸಾರ.

ಲಂಡನ್ನಿನ ಈ ಉದಾರತೆ ಭಾರತದ ನಿಯಮದಲ್ಲಿಲ್ಲ. 2021ರ ಜುಲೈಯಲ್ಲಿ ಕೇಂದ್ರ ಸರಕಾರವು ಪ್ರಕಟಿಸಿದ ನಿಯಮದಂತೆ, 50 ವರ್ಷ ದಾಟಿದ, ಮೂಲರೂಪದಲ್ಲಿರುವ, ಷಾಸಿ, ಮೈ, ಇಂಜಿನುಗಳಲ್ಲಿ ದೊಡ್ಡ ಮಾರ್ಪಾಡಾಗದ ಗಾಡಿಗೆ ಮಾತ್ರ ‘ವಿಂಟೇಜ್’ ನೋಂದಣಿ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಫಲಕದಲ್ಲಿ ‘ವಿ.ಎ.’ ಅಕ್ಷರಗಳು. ಪ್ರದರ್ಶನಕ್ಕೂ ಹಳೆಯ ಕಾರುಗಳ ರ‍್ಯಾಲಿಗೂ ಒಯ್ಯಬಹುದು, ನಿತ್ಯದ ಸವಾರಿಗಲ್ಲ. ಅಂಬಾಸಿಡರ್ ಇಂಜಿನಿನ ಎಂ.ಜಿ. ಈ ಬಾಗಿಲಲ್ಲಿ ತಡವರಿಸುವುದು ಖಂಡಿತ. ಇಂಜಿನು ಬದಲಾದುದನ್ನು ಮಾರುವಾತನು ಮುಚ್ಚಿಟ್ಟರೆ ನಷ್ಟ ಕೊಂಡವರಿಗೆ. ಹೇಳಿ ಮಾರಿದರೆ ಬೆಲೆ ತಗ್ಗೀತು, ವ್ಯಾಜ್ಯ ಹುಟ್ಟದು.

ವಾಡೆಯ ಯಜಮಾನರು ಹಳೆಯ ಇಂಜಿನನ್ನು ಅಟ್ಟದ ಮೇಲೋ ಬಣವೆಯ ಮರೆಯಲ್ಲೋ ಉಳಿಸಿದ್ದರೆ ಅದೃಷ್ಟ. ಬಿಲ್ಲೆಯುಳ್ಳ ಆ ತುಕ್ಕಿನ ಮುದ್ದೆಗೆ ಗುಜರಿಯವನು ಕೊಡುವ ಹಣ ಯಾವ ಲೆಕ್ಕಕ್ಕೂ ಬಾರದು. ಬಣ್ಣ ಬಳಿಸುವ ಉತ್ಸಾಹವನ್ನೂ ಸ್ವಲ್ಪ ತಡೆಯುವುದು ಲೇಸು. ಷಾಸಿಯ ಸಂಖ್ಯೆಯ ಮೇಲೆ ತೆಳುವಾದ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದು, ಅದರ ಮೇಲೆ ದಿನಾಂಕ ಬರೆದು, ನೋಂದಣಿ ಪುಸ್ತಕದೊಳಗೆ ಮಡಿಸಿಟ್ಟ ಮೇಲೆ ಬಣ್ಣದವನನ್ನು ಕರೆಯಬಹುದು.